ನನ್ನ ಪೆನ್ಸಿಲ್ ಕೇಳಿಸಿಕೊಂಡ ಮಾತು

ಶಹಾಬಾದ್ ಕಲ್ಲಿನ ನೆಲದ ಮೇಲೆ ಕಬ್ಬಿಣದ ಕಾಲಿನ ಕುರ್ಚಿ ಎಳೆದರೆ ಹಲ್ಲು ಜುಂ ಎನ್ನುವ ಒಂದು ಸದ್ದು ಬರುತ್ತದೆ. ಆ ದಿನಗಳನ್ನು ನೆನೆದಾಗ ನನಗೆ ಮೊದಲು ಕೇಳಿಸುವುದು ಅದೇ. ವಿಚಾರಣೆ ಶುರುವಾಗುವ ಮುಂಚೆ ಅಧಿಕಾರಿ ಮೇಡಂ ಕಟ್ಟೆಯ ಮೇಲಿನ ತಮ್ಮ ಎತ್ತರದ ಕುರ್ಚಿಯನ್ನು ಬಿಟ್ಟು ಕೆಳಗಿಳಿಯುತ್ತಿದ್ದರು. ಗೋಡೆ ಪಕ್ಕದ ಸಾದಾ ಕುರ್ಚಿಯೊಂದನ್ನು ತಾವೇ ಎಳೆದು ತಂದು ನಾವೆಲ್ಲ ಕೂತ ಮೇಜಿಗೆ ಹಾಕಿಕೊಳ್ಳುತ್ತಿದ್ದರು. ದೂರು ಕೊಟ್ಟವರು, ಯಾರ ಮೇಲೆ ದೂರು ಬಂದಿದೆಯೋ ಅವರು, ಬರೆದುಕೊಳ್ಳುವ ನಾನು, ಎಲ್ಲರಿಗೂ ಒಂದೇ ಮೇಜು. ಕಚೇರಿಯ ಜವಾನ ಸಿಪಾಯಿ ಓಡಿ ಬಂದರೆ ಕೈಯಲ್ಲೇ ಬೇಡ ಎನ್ನುತ್ತಿದ್ದರು. ಸಾಹೇಬರ ಮುಂದೆ ಒಂದು ಸಹಿಗಾಗಿ ಅರ್ಧ ಗಂಟೆ ನಿಂತು ಅಭ್ಯಾಸವಾದವಳು ನಾನು. ಮೊದಲ ದಿನ ಇದು ಸರ್ಕಾರಿ ಕಚೇರಿ ಹೌದೋ ಅಲ್ಲವೋ ಎಂದು ಬಾಗಿಲ ಮೇಲಿನ ಬೋರ್ಡನ್ನು ಇನ್ನೊಮ್ಮೆ ಓದಿಕೊಂಡು ಬಂದಿದ್ದೆ.

ನನ್ನನ್ನು ಅಲ್ಲಿಗೆ ಕರೆಸಿದ್ದು ಶಾರ್ಟ್‌ಹ್ಯಾಂಡ್. ಪುಣೆಗೆ ಓದಲು, ದುಡಿಯಲು ಬಂದವರನ್ನು ಅವರ ಮುಖ, ಮೈಬಣ್ಣ, ಊಟದ ಕಾರಣಕ್ಕೆ ಯಾರಾದರೂ ಅವಮಾನಿಸಿದರೆ, ಮನೆ ಬಿಡಿಸಿದರೆ ಕೇಳಲೆಂದು ಸರ್ಕಾರ ಒಂದು ಸಣ್ಣ ಸಮಿತಿ ಮಾಡಿತ್ತು. ವರದಿ ಇಂಗ್ಲಿಷಿನಲ್ಲಿ ದಿಲ್ಲಿಗೆ ಹೋಗಬೇಕು. ಹಿಂದೊಮ್ಮೆ ಒಬ್ಬ ಹುಡುಗನ ಹೇಳಿಕೆಯ ರೆಕಾರ್ಡಿಂಗ್ ಹೇಗೋ ವಾಟ್ಸಪ್ಪಿನಲ್ಲಿ ಹರಿದಾಡಿ, ಪಾಪ, ಅವನು ಊರೇ ಬಿಟ್ಟು ಹೋದನಂತೆ. ಅಂದಿನಿಂದ ಮೇಡಂ ಆ ಕೋಣೆಯೊಳಕ್ಕೆ ಒಂದು ಫೋನನ್ನೂ ಬಿಡುತ್ತಿರಲಿಲ್ಲ. ಕೈಯಲ್ಲಿ ಬರೆದುಕೊಳ್ಳುವವರು ಬೇಕು. ಈ ಕಾಲದಲ್ಲಿ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಬಲ್ಲವರು ಎಲ್ಲಿದ್ದಾರೆ? ಹುಡುಕಿ ಹುಡುಕಿ, ಸ್ಟೆನೋ ಕೆಲಸದಿಂದ ನಿವೃತ್ತಳಾಗಿ ಪುಣೆಯಲ್ಲೇ ಉಳಿದಿದ್ದ, ಎಪ್ಪತ್ತೆರಡು ವರ್ಷದ ನನ್ನ ಮನೆಯ ಬೆಲ್ ಒತ್ತಿದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ವಿದ್ಯೆ. ಎರಡು ಪೆನ್ಸಿಲ್ ಚೂಪು ಮಾಡಿಕೊಂಡು, ಮಧ್ಯೆ ಗೆರೆ ಎಳೆದ ನೋಟ್‌ಬುಕ್ ಹಿಡಿದು ಹೊರಟೆ. ಒಳಗೊಳಗೆ ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ದೂರು ಕೊಟ್ಟವಳು ನಾಗಾಲ್ಯಾಂಡಿನ ಹುಡುಗಿ, ಇಪ್ಪತ್ತೆಂಟಿರಬಹುದು. ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಟೆಕ್ನಿಶಿಯನ್. ಪುಣೆಯ ವಾಕಡ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ತಳಮಹಡಿಯ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದಳು. ತಳಮಹಡಿ ಯಾಕೆಂದರೆ ಅವಳ ತಾಯಿಗೆ ಸೊಂಟದ ಕೀಲು ಬದಲಿಸಿದ್ದರು. ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ವಾಕರ್ ಹಿಡಿದು ಮಂಚದಿಂದ ಬಾತ್‌ರೂಮಿಗೆ ಹೋಗುವುದೇ ದೊಡ್ಡ ಪ್ರಯಾಣ. ಹೀಗಿರುವಾಗ ಸೊಸೈಟಿಯವರು ಮೀಟಿಂಗ್ ಸೇರಿ, ಈಶಾನ್ಯದ ಕಡೆಯವರಿಗೆ ಇನ್ನು ಮನೆ ಕೊಡಕೂಡದು, ಇದ್ದವರನ್ನು ಬಿಡಿಸಬೇಕು ಎಂದು ತೀರ್ಮಾನಿಸಿ, ಠರಾವಿನಲ್ಲಿ ಮಾತ್ರ ‘ಹೊಂದಿಕೊಳ್ಳದ ಬಾಡಿಗೆದಾರರು’ ಎಂದಷ್ಟೇ ಬರೆದರು. ಮನೆಯ ಮಾಲೀಕ ಒಂದು ತಿಂಗಳ ನೋಟೀಸ್ ಕೊಟ್ಟ. ಅದಕ್ಕೂ ಎರಡು ದಿನ ಮೊದಲು ಸೊಸೈಟಿಯ ಅಧ್ಯಕ್ಷರು ಗೇಟಿನ ಹತ್ತಿರ ಅವಳಿಗೆ ಬೈದಿದ್ದರು. ಆಗ ಅಲ್ಲಿದ್ದವನು ವಾಚ್‌ಮನ್ ಒಬ್ಬನೇ.

ಮೊದಲ ವಿಚಾರಣೆಯ ದಿನ ನೋಟೀಸಿನ ಅವಧಿಯಲ್ಲಿ ಹದಿನೆಂಟು ದಿನ ಉಳಿದಿತ್ತು.

ಹುಡುಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಮುಂದಿನವರಿಗೆ ರೋಗಿಯ ಬಿ.ಪಿ. ಎಷ್ಟು, ತೂಕ ಎಷ್ಟು ಎಂದು ಒಪ್ಪಿಸುತ್ತಾರಲ್ಲ, ಹಾಗೆ ಒಂದೊಂದೇ ಹೇಳಿದಳು. ಯಾವ ಹೊತ್ತು, ಗೇಟಿನಿಂದ ಎಷ್ಟು ಹೆಜ್ಜೆ ದೂರ, ಯಾರು ಎಲ್ಲಿ ನಿಂತಿದ್ದರು. ಆಮೇಲೆ ಅಧ್ಯಕ್ಷರು ಹಿಂದಿಯಲ್ಲಿ ಅಂದದ್ದನ್ನು ಹಾಗೆ ಹಾಗೇ ಹೇಳಿದಳು. ನನ್ನ ಪೆನ್ಸಿಲ್ ಅವಳ ಹಿಂದೆ ಓಡಿತು. ಶಾರ್ಟ್‌ಹ್ಯಾಂಡಿಗೆ ಭಾಷೆಯ ಹಂಗಿಲ್ಲ. ಅದು ಕಾಗುಣಿತ ಬರೆಯುವುದಿಲ್ಲ, ದನಿಯನ್ನು ಬರೆಯುತ್ತದೆ. ಕಿವಿಗೆ ಬಿದ್ದದ್ದು ಕೈಗೆ ಇಳಿಯುವ ಹೊತ್ತಿನಲ್ಲಿ ಮನಸ್ಸು ನಡುವೆ ಬಂದು ಕೂರಲು ಪುರುಸೊತ್ತೇ ಇರುವುದಿಲ್ಲ.

ಮನಸ್ಸು ಬಂದು ಕೂತದ್ದು ಟೈಪ್ ಮಾಡುವಾಗ.

ನಮಗೆ ಕಲಿಸಿದ ಸಿಸ್ಟರ್ ಒಂದು ಮಾತು ಹೇಳುತ್ತಿದ್ದರು: ಕೊಳಕು ಮಾತು ಕಿವಿಗೆ ಬೀಳುವುದನ್ನು ತಡೆಯಲಾಗದು, ಕಾಗದಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದು ಲೇಡಿ ಸ್ಟೆನೋಗ್ರಾಫರ್ ಆದವಳ ಕೆಲಸ. ಅದನ್ನೇ ಪಾಲಿಸಿಕೊಂಡು ಬಂದವಳು ನಾನು. ಸರ್ವಿಸಿನುದ್ದಕ್ಕೂ ಎಷ್ಟು ಜನ ಎಷ್ಟು ಬೈದಾಡಿದರೂ ನನ್ನ ಟೈಪಿನಲ್ಲಿ ಅದು ‘ಆಕ್ಷೇಪಾರ್ಹ ಮಾತುಗಳು’ ಎಂದೇ ಆಗುತ್ತಿತ್ತು. ಮೇಲಿನವರು ಮೆಚ್ಚುತ್ತಿದ್ದರು. ಅವತ್ತೂ ಕೈ ತಾನಾಗಿಯೇ ಇಂಗ್ಲಿಷಿನಲ್ಲಿ ಹಾಗೆ ಟೈಪ್ ಮಾಡಿತು: ಅಧ್ಯಕ್ಷರು ಆಕೆಯ ರೂಪ ಮತ್ತು ಆಹಾರದ ಬಗ್ಗೆ ಕೆಲವು ಆಕ್ಷೇಪಾರ್ಹ ಮಾತುಗಳನ್ನು ಆಡಿದರು.

ನಿಯಮದಂತೆ ಹೇಳಿಕೆಯನ್ನು ಅವಳಿಗೆ ಓದಲು ಕೊಟ್ಟೆ. ಆ ಸಾಲಿನ ಹತ್ತಿರ ಬಂದಾಗ ಅವಳ ಬೆರಳು ನಿಂತಿತು. ತಲೆಯೆತ್ತಿ, ಆಂಟಿ, ಇದನ್ನು ಹೀಗೇ ಬರೆಯುತ್ತಾರಾ ಎಂದು ಕೇಳಿದಳು. ಹೌದು ಡಿಯರ್, ರೆಕಾರ್ಡಿನಲ್ಲಿ ಹೀಗೇ ಬರೆಯುವುದು ಎಂದೆ. ಅವಳು ಇನ್ನೊಂದು ಕ್ಷಣ ನನ್ನ ಮುಖ ನೋಡಿ ಸಹಿ ಮಾಡಿದಳು. ತಾಯಿ ಮನೆಯಲ್ಲಿ ಒಬ್ಬರೇ ಇದ್ದರು, ಅವಳಿಗೆ ಬಸ್ಸು ಹಿಡಿಯಬೇಕಿತ್ತು.

ಎರಡನೆಯ ವಿಚಾರಣೆ ಒಂಬತ್ತು ದಿನದ ನಂತರ. ಮೊದಲ ಸಲ ಒಬ್ಬರೇ ಬಂದು ಕೂತಿದ್ದ ಅಧ್ಯಕ್ಷರು ಈ ಸಲ ವಕೀಲರ ಜೊತೆ ಬಂದಿದ್ದರು. ಅರವತ್ತು ದಾಟಿದ ಮನುಷ್ಯ, ವಿಜಯಪುರದ ಕಡೆಯವರು, ಪುಣೆಯಲ್ಲಿ ಹಾರ್ಡ್‌ವೇರ್ ವ್ಯಾಪಾರ. ಶುಭ್ರ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ನಮ್ಮ ಮನೆಯ ಮದುವೆಯಲ್ಲಿ ಎದುರಾದರೆ ನಾನೇ ಎದ್ದು ಕುರ್ಚಿ ಬಿಟ್ಟುಕೊಡುವಂಥವರು. ವಕೀಲರು ನಾನು ಟೈಪ್ ಮಾಡಿದ ಆ ಸಾಲನ್ನೇ ಗಟ್ಟಿಯಾಗಿ ಓದಿದರು. ಆಕ್ಷೇಪಾರ್ಹ ಎಂದರೆ ಏನು ಬೇಕಾದರೂ ಆಗಬಹುದಲ್ಲ ಎಂದರು. ಕಸ ಎಲ್ಲಿಡಬೇಕು ಎಂಬ ವಿಷಯಕ್ಕೆ ತಮ್ಮ ಕಕ್ಷಿದಾರರು ಒಂದೆರಡು ಬಿರುಸು ಮಾತು ಆಡಿರಬಹುದು, ಅಡುಗೆಯ ವಾಸನೆ ಬಗ್ಗೆಯೂ ಅಂದಿರಬಹುದು, ಅಕ್ಕಪಕ್ಕದವರಲ್ಲಿ ಇದು ಎಲ್ಲಿಲ್ಲ? ಹುಡುಗಿ ತಾನು ಹೇಳಿದ್ದು ಅದಲ್ಲ ಎಂದಳು. ಸಹಿ ನಿಮ್ಮದೇ ತಾನೇ, ಎಂದರು ವಕೀಲರು.

ವಾಚ್‌ಮನ್‌ನನ್ನು ಕರೆದರು. ಯಾದಗಿರಿ ಕಡೆಯವನು, ಕನ್ನಡವೇ ಸಲೀಸು. ಅವನ ಮಾತನ್ನು ಇಂಗ್ಲಿಷಿಗೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಟೋಪಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಮೇಡಂ ಕೂರಲು ಹೇಳಿದರೆ ಕುರ್ಚಿಯ ತುದಿಯಲ್ಲಿ ಕೂತ.

"ಅವ್ವಾರ, ನಾ ಗೇಟಿನ್ಯಾಗ ಇದ್ದದ್ದು ಖರೆ. ಕಿವಿ ಅಲ್ಲಿರಲಿಲ್ರಿ" ಎಂದ.

ಅದನ್ನೇ ಮೇಡಂಗೆ ಹೇಳಿದೆ. ಅವರು ನಗಲಿಲ್ಲ. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು ಎಂದು ಕೇಳಿದರು. ಸೆಕ್ಯುರಿಟಿ ಏಜೆನ್ಸಿ ಎಂದ. ಅಧ್ಯಕ್ಷರು ಒಂದು ಫೋನ್ ಮಾಡಿದರೆ ಏಜೆನ್ಸಿಯವರು ನಿಮ್ಮನ್ನು ತೆಗೆಯಬಹುದೇ ಎಂದು ಕೇಳಿದರು. ಅವನು ಟೋಪಿ ನೋಡಿಕೊಂಡ. ಮೇಡಂ ತಮ್ಮ ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡು, ಚಹಾ ಕುಡಿದು ಬರೋಣ ಎಂದರು.

ಎಲ್ಲಿಗೆ ಬಂದು ನಿಂತಿತ್ತು ಎಂಬುದು ನನಗೆ ಗೊತ್ತಿತ್ತು. ಮೇಡಂ ತಾವೇ ಕೇಳಿಸಿಕೊಂಡಿದ್ದರೂ ಲೆಕ್ಕಕ್ಕೆ ಬರುವುದು ಸಹಿಯಾದ ಕಾಗದ. ಆಡಿದ ಮಾತು ಏನೆಂದು ಅದರಲ್ಲಿ ಇಲ್ಲದಿದ್ದರೆ ಅದು ಜನಾಂಗದ ಅವಮಾನ ಆಗುವುದಿಲ್ಲ, ನೆರೆಹೊರೆಯ ಜಗಳ ಆಗುತ್ತದೆ. ನೆರೆಹೊರೆಯ ಜಗಳವಾದರೆ ಈ ಸಮಿತಿಗೆ ಅಧಿಕಾರವಿಲ್ಲ. ಫೈಲು ಬೇರೆ ಕಚೇರಿಗೆ ಹೋಗುತ್ತದೆ, ಅಲ್ಲಿ ಸಾಲಿನಲ್ಲಿ ಕೂರುತ್ತದೆ. ಉಳಿದದ್ದು ಒಂಬತ್ತು ದಿನ. ತಾಯಿಯನ್ನು ವಾಕರ್ ಸಮೇತ ಎಲ್ಲಿಗೆ ಎತ್ತಿಕೊಂಡು ಹೋಗುತ್ತಾಳೆ?

ಪ್ಯಾಸೇಜಿನ ಕಿಟಕಿ ಹತ್ತಿರ ಕಪ್ಪು ಹಿಡಿದು ನಿಂತಿದ್ದಾಗ ಅಧ್ಯಕ್ಷರು ನನ್ನ ಬಳಿ ಬಂದರು. ಕಣ್ಣಲ್ಲಿ ಮೋಸವಿರಲಿಲ್ಲ, ಅದನ್ನು ಹೇಳಲೇಬೇಕು. ನಿಜವಾಗಿಯೂ ಉಪಕಾರ ಸ್ಮರಿಸುವ ಮುಖ.

"ಅಕ್ಕಾರ, ವಾಚ್‌ಮನ್ ಕೂಡ ಮಾತಾಡೂದು ಕೇಳಿದೆ, ಬೆಳಗಾವಿ ಕಡೆಯವ್ರು ಅಂತ ಗೊತ್ತಾತ್ರಿ. ಹೋದ ಸಲ ಭಾಳ ಛಲೋ ಬರದೀರಿ. ಆಕಿ ಏನೇನೋ ಹೇಳಿದ್ಳು, ನೀವು ಸೋಸಿ ಬರದ್ರಿ. ನಮ್ಮ ಮಂದಿ ಮರ್ಯಾದಿ ಉಳಸಿದ್ರಿ."

ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ನನ್ನ ಸರ್ವಿಸಿನಲ್ಲಿ ಇಷ್ಟು ಮನಸಾರೆ ಹೊಗಳಿದವರು ಕಡಿಮೆ. ಹೊಗಳಿಕೆಯ ಜೊತೆಗೇ ನಾನು ಮಾಡಿದ್ದು ಏನೆಂದು ಮೊದಲ ಸಲ ಕಾಣಿಸಿತು. ಕಾಗದ ಚೊಕ್ಕಟವಾಗಿದ್ದರೆ ಅದು ಯಾರಿಗೆ ಚೊಕ್ಕಟ? ಅವಳು ಗೇಟಿನಲ್ಲಿ ಒಂದು ಸಲ ಕೇಳಿಸಿಕೊಂಡು, ಅಪರಿಚಿತರ ಮುಂದೆ ಇನ್ನೊಂದು ಸಲ ತನ್ನ ಬಾಯಿಂದಲೇ ಹೇಳಿದ ಮಾತನ್ನು ನಾನು ಒರೆಸಿ ಹಾಕಿದ್ದೆ. ಅವಳು ಕೇಳಿದಾಗಲೂ, ಹೀಗೇ ಬರೆಯುವುದು ಎಂದಿದ್ದೆ.

ಒಳಗೆ ಬಂದು ಕೂತೆವು. ಮೇಡಂ ಪೆನ್ನು ತೆಗೆಯುವ ಮೊದಲೇ ನಾನು ಎದ್ದು ನಿಂತೆ. ಸ್ಟೆನೋ ವಿಚಾರಣೆಯ ನಡುವೆ ಬಾಯಿ ಬಿಡುವ ಪದ್ಧತಿಯೇ ಇಲ್ಲ.

ಮೇಡಂ, ನನ್ನ ಟ್ರಾನ್ಸ್‌ಕ್ರಿಪ್ಟಿನಲ್ಲಿ ತಪ್ಪಿದೆ ಎಂದೆ. ದೂರುದಾರರು ಆ ಮಾತುಗಳನ್ನು ಪೂರ್ತಿಯಾಗಿ ಹೇಳಿದ್ದರು, ನನ್ನ ನೋಟ್‌ಬುಕ್ಕಿನಲ್ಲಿ ಇವೆ, ಟೈಪ್ ಮಾಡುವಾಗ ನಾನೇ ಬಿಟ್ಟೆ. ಬೇಕೆಂದೇ ಬಿಟ್ಟೆ, ಮರೆತು ಅಲ್ಲ.

ವಕೀಲರು ಒಮ್ಮೆಗೇ ಎದ್ದರು. ಸಹಿಯಾದ ಹೇಳಿಕೆಯನ್ನು ಈಗ ತಿದ್ದುವುದೆಂದರೇನು, ಇವರು ವಯಸ್ಸಾದವರು, ಪೆನ್ಸಿಲ್ಲಿನ ಈ ಕೋಳಿಕಾಲಿನ ಗೆರೆಗಳಲ್ಲಿ ಏನಿದೆ ಎಂದು ಇವರು ಹೇಳಿದ್ದೇ ವೇದವಾಕ್ಯವೇ ಎಂದರು. ಹೇಳಬಾರದು, ಆದರೆ ಅವರ ಮಾತು ನ್ಯಾಯವಾಗಿಯೇ ಇತ್ತು. ನಾನು ಮೇಡಂ ಬಯ್ಗುಳಕ್ಕೆ ಕಾದೆ. ಅವರು ಬಯ್ಯಲಿಲ್ಲ. ಕೈ ಚಾಚಿ ನೋಟ್‌ಬುಕ್ ಕೇಳಿದರು. ನನ್ನನ್ನು ಓದಿಸಲೂ ಇಲ್ಲ. ಅದನ್ನು ಒಂದು ಖಾಕಿ ಲಕೋಟೆಗೆ ಹಾಕಿ, ಅಂಟಿಸಿ, ಅರಗಿನ ಮುದ್ರೆ ಒತ್ತಿಸಿ, ಆ ಕಡೆಯ ವಕೀಲರದ್ದೂ ಈ ಕಡೆಯ ಹುಡುಗಿಯದ್ದೂ ಸಹಿ ಹಾಕಿಸಿದರು. ಈ ಲಿಪಿ ಬಲ್ಲ ಇನ್ನೊಬ್ಬರನ್ನು ಕರೆಸುತ್ತೇನೆ, ಅವರಿಗೆ ಈ ಕೇಸಿನ ವಿಷಯ ಯಾರೂ ಹೇಳಕೂಡದು, ಐದು ದಿನ ಬಿಟ್ಟು ಸೇರೋಣ ಎಂದರು.

ಹೊರಗೆ ಹೋಗುವಾಗ ಹುಡುಗಿ ನನ್ನತ್ತ ನೋಡಲಿಲ್ಲ. ನೋಡಬೇಕೆಂದು ನಾನು ಬಯಸುವಂತೆಯೂ ಇರಲಿಲ್ಲ.

ಆ ಐದು ದಿನದಲ್ಲಿ ಮೇಡಂ ಮಾಡಿದ ಇನ್ನೊಂದು ಕೆಲಸ ನನಗೆ ಮೂರನೆಯ ವಿಚಾರಣೆಯ ಬೆಳಿಗ್ಗೆ ಗೊತ್ತಾಯಿತು. ಒಂದೇ ಪುಟದ ಪತ್ರವನ್ನು ನನ್ನ ಕೈಗೆ ಕೊಟ್ಟು, ವಾಚ್‌ಮನ್‌ಗೆ ಕನ್ನಡದಲ್ಲಿ ಓದಿ ಹೇಳಿ ಎಂದರು. ಸೆಕ್ಯುರಿಟಿ ಏಜೆನ್ಸಿಗೆ ಬರೆದದ್ದು. ಈ ವಿಚಾರಣೆ ಮುಗಿಯುವವರೆಗೆ ಈ ಕಾವಲುಗಾರನನ್ನು ತೆಗೆಯುವಂತಿಲ್ಲ, ಬೇರೆ ಕಡೆ ಹಾಕುವಂತಿಲ್ಲ, ಆಮೇಲೆ ಹಾಗೆ ಮಾಡುವುದಾದರೂ ಕಾರಣವನ್ನು ಸಮಿತಿಗೆ ಬರೆದು ತಿಳಿಸಬೇಕು. ಕೆಳಗೆ ಏಜೆನ್ಸಿಯ ಸೀಲು, ಪತ್ರ ತಲುಪಿದೆ ಎಂಬ ಸಹಿ. ಓದುತ್ತಾ ಓದುತ್ತಾ ನನ್ನ ದನಿಯೇ ತಗ್ಗಿತು. ಇಷ್ಟು ತೆಳ್ಳನೆಯ ಕಾಗದ ಒಬ್ಬ ಮನುಷ್ಯನ ಹೊಟ್ಟೆಪಾಡಿಗೆ ಅಡ್ಡ ನಿಲ್ಲಬಲ್ಲದೇ? ಇಂಥ ಪತ್ರಗಳನ್ನು ಸಾವಿರಗಟ್ಟಲೆ ಟೈಪ್ ಮಾಡಿದವಳು ನಾನು. ಒಂದಾದರೂ ಹೋಗಿ ಮುಟ್ಟಿದ ಜಾಗವನ್ನು ಕಣ್ಣಾರೆ ಕಂಡಿರಲಿಲ್ಲ. ಅವನು ಪತ್ರವನ್ನು ಈಸಿಕೊಂಡು, ಓದಲು ಬಾರದಿದ್ದರೂ, ಸೀಲಿನ ಮೇಲೆ ಬೆರಳಾಡಿಸಿದ.

ಶಾರ್ಟ್‌ಹ್ಯಾಂಡ್ ಓದಲು ಬಂದವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಮರಾಠಿ ಸದ್ಗೃಹಸ್ಥರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಕೋಟು ತೊಟ್ಟು ಬಂದಿದ್ದರು. ಲಕೋಟೆಯನ್ನು ಎಲ್ಲರ ಎದುರಿಗೆ ಕತ್ತರಿಸಿ, ನೋಟ್‌ಬುಕ್ಕಿನ ಆ ಪುಟ ತೆರೆದು ಅವರ ಮುಂದಿಟ್ಟರು. ಅವರು ಕನ್ನಡಕ ಒರೆಸಿ, ಗೆರೆಗಳ ಮೇಲೆ ಬೆರಳಿಟ್ಟು ಓದತೊಡಗಿದರು.

ನಾನು ಹುಟ್ಟಿದ ಮೇಲೆ ಅಂಥದೊಂದನ್ನು ಕಂಡಿರಲಿಲ್ಲ. ನನಗೆ ಪರಿಚಯವೇ ಇಲ್ಲದ ಒಬ್ಬ ಮುದುಕರ ಬಾಯಿಂದ ಆ ಹುಡುಗಿಯ ಮಾತು ಹೊರಡುತ್ತಿತ್ತು. ಅದೇ ಹೊತ್ತು, ಅದೇ ಹೆಜ್ಜೆಗಳ ಎಣಿಕೆ. ಅವಳು ನಡುವೆ ತೊದಲಿ ಮತ್ತೆ ಹೇಳಿದ ಒಂದು ಶಬ್ದ ಕೂಡ ಎರಡು ಸಲವೇ ಬಂತು. ಹುಡುಗಿ ಮುಂದಕ್ಕೆ ಬಾಗಿ ಕೂತಿದ್ದಳು, ತನ್ನ ದನಿಯನ್ನು ಇನ್ನೊಬ್ಬರ ಮೈಯಲ್ಲಿ ಕೇಳುತ್ತಿರುವವಳ ಹಾಗೆ. ಆಮೇಲೆ ಅವರ ಬೆರಳು ನಿಂತಿತು. ಒಂದು ಓರೆ ಗೆರೆ, ಒಂದು ಬಾಗಿದ ದಪ್ಪ ಗೆರೆ, ಒಂದು ಅಡ್ಡ ಗೆರೆ, ಎರಡು ಚುಕ್ಕೆ. ಅವರು ಮುಖ ಎತ್ತಿದರು, ಕಿವಿ ಕೆಂಪಾಗಿತ್ತು. ಹೆಂಗಸರಿದ್ದಾರೆ, ಇದನ್ನು ಓದಲೇಬೇಕೇ ಎಂದು ಮರಾಠಿಯಲ್ಲಿ ಮೇಡಂ ಅವರನ್ನು ಕೇಳಿದರು.

ಅಲ್ಲಿ ಏನಿದೆಯೋ ಅದನ್ನು ಓದಿ ಎಂದರು ಮೇಡಂ.

ಅವರು ಓದಿದರು. "ಕುತ್ತಾ ಖಾನೇವಾಲೀ ಚಿಂಕಿ, ಅಪನೇ ಜಂಗಲ್ ಮೇಂ ಜಾ."

ನಾಯಿ ತಿನ್ನುವವಳೇ, ನಿನ್ನ ಕಾಡಿಗೆ ಹೋಗು. ನಡುವಿನ ಆ ಒಂದು ಶಬ್ದ ಈಶಾನ್ಯದವರ ಮುಖವನ್ನು ಅಣಕಿಸುವ ಬೈಗುಳ; ಅದಕ್ಕೆ ಕನ್ನಡ ಬೇಕಿಲ್ಲ, ಊರೆಲ್ಲ ಅದನ್ನು ಬಲ್ಲದು. ಇಲ್ಲಿ ಅದನ್ನು ಬರೆಯುವಾಗಲೂ ನನ್ನ ಕೈ ಹಿಂಜರಿಯಿತು. ಬರೆದಿದ್ದೇನೆ.

ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಹಾಳೆಗಳು ಅಲುಗಿದವು. ಆಗ ಕುರ್ಚಿಯ ತುದಿಯಲ್ಲಿದ್ದ ವಾಚ್‌ಮನ್, ಯಾರೂ ಕೇಳದೆಯೇ, ನನ್ನ ಕಡೆ ತಿರುಗಿ ಮಾತಾಡಿದ.

"ಕೇಳ್ಯದರಿ ಅವ್ವಾರ. ಅದಽ ಅಂದ್ರು. ಮುಂದ ನನಗೂ ಬೈದ್ರು, ಇಂಥವ್ರಿಗಿ ಗೇಟು ತಗೀಬ್ಯಾಡ ಅಂತ. ನಾ ತಗದೆ. ಆಕಿ ಕೈಯಾಗ ಅವರವ್ವನ ಔಷಧಿ ಚೀಲ ಇತ್ತರಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಶಬ್ದವನ್ನೂ ಬಿಡದೆ ಹೇಳಿದೆ.

ಮೇಡಂ ಅಧ್ಯಕ್ಷರ ಕಡೆ ತಿರುಗಿ, ನೀವು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ವಕೀಲರು ಅವರ ಮೊಳಕೈ ಮುಟ್ಟಿದರು, ಸುಮ್ಮನಿರಿ ಎಂಬಂತೆ. ಅಧ್ಯಕ್ಷರು ಆ ಕೈಯನ್ನು ಮೆಲ್ಲಗೆ ಸರಿಸಿದರು. ಅಲ್ಲಗಳೆಯಬಹುದಿತ್ತು. ಮುದುಕಿಯೊಬ್ಬಳ ಗೆರೆ, ವಾಚ್‌ಮನ್‌ನ ಮಾತು, ಎರಡನ್ನೂ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಬಹುದಿತ್ತು. ಆ ಒಂಬತ್ತು ದಿನ, ಈಗ ನಾಲ್ಕು ದಿನ, ಸುಮ್ಮನೆ ಕಳೆದರೂ ಸಾಕಿತ್ತು ಅವರಿಗೆ. ಆಮೇಲೆ ಅವರು ಮೇಡಂ ಅವರನ್ನಲ್ಲ, ನನ್ನನ್ನು ನೋಡಿದರು.

"ಬರಕೋರಿ ಅಕ್ಕಾರ. ಅಂದೀನಿ. ಎಲ್ಲಾರೂ ಅಂತಾರ, ನಾನೂ ಅಂದೆ. ಈ ಸಲ ಸೋಸಬ್ಯಾಡ್ರಿ."

ಕಾನೂನು ಒಬ್ಬ ಮನುಷ್ಯನಿಂದ ಇಂಥ ಒಪ್ಪಿಗೆಯನ್ನು ಕಿತ್ತುಕೊಳ್ಳಲಾರದು. ಆದರೆ ಅವನು ಅದನ್ನು ತಾನಾಗಿ ಕೊಡಲು ಸಾಧ್ಯವಾಗುವ ಒಂದು ಕೋಣೆಯನ್ನು, ಒಂದು ಮೇಜನ್ನು ಅದು ಮಾಡಿಡಬಲ್ಲದು. ನಾನು ಅವತ್ತು ಕಲಿತದ್ದು ಇಷ್ಟೇ, ಅದೂ ಎಪ್ಪತ್ತೆರಡನೆಯ ವಯಸ್ಸಿನಲ್ಲಿ.

ಹೊಸ ಟ್ರಾನ್ಸ್‌ಕ್ರಿಪ್ಟನ್ನು ಅಲ್ಲೇ ಕೂತು ಟೈಪ್ ಮಾಡಿದೆ. ಹಳೆಯದನ್ನು ಹರಿಯಬಹುದೇ ಎಂದು ಕೇಳಿದರೆ ಮೇಡಂ ಒಪ್ಪಲಿಲ್ಲ. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಾನು ಯಾಕೆ ಹಾಗೆ ಬರೆದೆ ಎಂದು ನನ್ನದೇ ಟಿಪ್ಪಣಿ ಬರೆಸಿ, ತಾರೀಖು ಹಾಕಿಸಿ ಫೈಲಿನಲ್ಲೇ ಇಟ್ಟರು. ಅದು ಇವತ್ತಿಗೂ ಅಲ್ಲೇ ಇದೆ, ನಾನು ಹೋದ ಮೇಲೂ ಇರುತ್ತದೆ. ಹುಡುಗಿ ಈ ಸಲ ಬಸ್ಸಿನ ಅವಸರ ಮಾಡಲಿಲ್ಲ. ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಅಧ್ಯಕ್ಷರು ಪ್ರತಿ ಪುಟಕ್ಕೂ ನಿಧಾನವಾಗಿ ಸಹಿ ಮಾಡಿದರು. ಇಷ್ಟು ವರ್ಷ ಪುಣೆಯಲ್ಲಿ ಕಳೆದರೂ ಅವರ ಸಹಿ ಕನ್ನಡದಲ್ಲಿತ್ತು.

ಅದೇ ಮಧ್ಯಾಹ್ನ, ಇಂಥ ಸೊಸೈಟಿಗಳ ಮೇಲೆ ಅಧಿಕಾರವಿರುವ ಸಹಕಾರ ಸಂಘಗಳ ರಿಜಿಸ್ಟ್ರಾರ್ ಕಚೇರಿಗೆ ಪತ್ರ ಹೋಯಿತು. ಪೋಸ್ಟಿನಲ್ಲಿ ಅಲ್ಲ, ಸಿಪಾಯಿಯ ಸ್ಕೂಟರಿನಲ್ಲಿ. ಎರಡನೆಯ ದಿನ ಠರಾವಿಗೆ ತಡೆ ಬಂತು. ಮೂರನೆಯ ದಿನ ಮನೆ ಮಾಲೀಕ ನೋಟೀಸನ್ನು ಲಿಖಿತವಾಗಿ ಹಿಂದಕ್ಕೆ ಪಡೆದ. ಒಂದು ದಿನ ಉಳಿದಿತ್ತು. ಸೊಸೈಟಿಯ ನೋಟೀಸ್ ಬೋರ್ಡಿಗೆ ಹಚ್ಚುವ, ಅಧ್ಯಕ್ಷರ ಕ್ಷಮಾಪಣೆಯ ಇಂಗ್ಲಿಷ್ ಪ್ರತಿಯನ್ನು ನಾನೇ ಟೈಪ್ ಮಾಡಿದೆ.

ಕೆಲವು ತಿಂಗಳ ನಂತರ, ಅಂತಿಮ ಆದೇಶದ ಪ್ರತಿಯನ್ನು ತಲುಪಿಸುವ ನೆಪದಲ್ಲಿ ವಾಕಡಕ್ಕೆ ಹೋದೆ. ಸಿಪಾಯಿಯೇ ಹೋಗಬಹುದಿತ್ತು, ನಾನೇ ಕೇಳಿ ಇಸಿದುಕೊಂಡೆ. ಹುಡುಗಿ ಬಾಗಿಲು ತೆಗೆದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವಳು ನನ್ನ ಕೈ ಹಿಡಿದು ಒಳಗೆ ಕೂರಿಸಿದಳು. ಅವಳ ತಾಯಿ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಏನೋ ಕುದಿಸುತ್ತಿದ್ದರು. ಆಕೆಗೆ ಹಿಂದಿ ಬಾರದು, ಇಂಗ್ಲಿಷ್ ಬಾರದು. ಹುಳಿ ಬರಿಸಿದ ಬಿದಿರು ಕಳಲೆಯ ಸಾರು, ಅನ್ನ ಬಡಿಸಿ ನನ್ನ ಮುಂದಿಟ್ಟು ನೋಡುತ್ತಾ ಕೂತರು. ವಾಸನೆ ನಿಜಕ್ಕೂ ಜೋರಾಗಿಯೇ ಇತ್ತು. ಎರಡು ತುತ್ತಿಗೆ ನನ್ನ ಮುಖ ಏನಾಯಿತೋ.

"ಆಂಟಿ, ಇದನ್ನು ಮಾತ್ರ ಬರೆದುಕೊಳ್ಳಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಹುಡುಗಿ ನಕ್ಕಳು. ನಾನು ಅವಳ ನಗು ಕೇಳಿದ್ದು ಅದೇ ಮೊದಲು. ಮೂರನೆಯ ತುತ್ತು ಉಂಡೆ.

ಹೊರಟಾಗ ತಾಯಿ ಏನೋ ಹೇಳಿ ಸ್ಟೂಲಿನಿಂದ ಎದ್ದರು. ಹುಡುಗಿ ವಾಕರ್ ತರಲು ಹೋದರೆ ಆಕೆ ಕೈಯಾಡಿಸಿ ಬೇಡವೆಂದರು. ಗೋಡೆ ಹಿಡಿದು ಬಾಗಿಲವರೆಗೆ, ಬಾಗಿಲಿನಿಂದ ಏನೂ ಹಿಡಿಯದೆ ಅಂಗಳಕ್ಕೆ. ಸಾಲಾಗಿ ನಿಂತ ಗಾಡಿಗಳು, ಬ್ಯಾಡ್ಮಿಂಟನ್ ಆಡುತ್ತಿದ್ದ ಮಕ್ಕಳು. ಮಕ್ಕಳು ಆಟ ನಿಲ್ಲಿಸಿ ಜಾಗ ಬಿಟ್ಟರು. ಆಕೆ ಅವಸರವಿಲ್ಲದೆ ನಡೆದು ಗೇಟಿಗೆ ಬಂದರು, ಗೇಟು ದಾಟಿ ರಸ್ತೆಗೂ ಬಂದರು. ನನ್ನ ರಿಕ್ಷಾ ಹೊರಟಿತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಆಕೆ ರಸ್ತೆಯ ಅಂಚಿನಲ್ಲಿ ನಿಂತಿದ್ದರು, ಸಂಜೆ ಹೊತ್ತು ಮನೆ ಮುಂದೆ ನಿಲ್ಲುವ ಯಾವುದೇ ಮನೆಯೊಡತಿಯ ಹಾಗೆ, ಹೋಗಿಬರುವ ಗಾಡಿಗಳನ್ನು ನೋಡುತ್ತಾ. ಆಕೆಯನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.